ನಮ್ಮ ಕಾರಿನ ಡಿಕ್ಕಿ ಮತ್ತು ಪಕ್ಕದ ಮನೆಯ ಬೆಸ್

ನನಗೆ ಅನುಮಾನ ಜಾಸ್ತಿ ಅಂತ ನಮ್ಮನೆಯವರು ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ನಾನಾಗಿ ಅನುಮಾನ ಪಡಲು ಹೋಗುವುದಿಲ್ಲ. ಅನುಮಾನ ಪಡುವಂಥ ಸಂಗತಿಗಳೇ ಬಂದು ನಮ್ಮ ಬಾಗಿಲ ಬೆಲ್ ಒತ್ತುತ್ತವೆ. ಮದುವೆಯಾಗಿ ಬಾಗಲಕೋಟೆಯಿಂದ ಹಡರ್ಸ್‌ಫೀಲ್ಡಿಗೆ ಬಂದ ಮೇಲಂತೂ ವಾರಕ್ಕೊಂದು. ಇಲ್ಲಿ ಬೆಳಿಗ್ಗೆ ಹಾಲಿನ ಬಾಟಲಿಯನ್ನು ಬಾಗಿಲ ಹೊರಗೆ ಇಟ್ಟು ಹೋಗುತ್ತಾರೆ, ಯಾರೂ ಕದಿಯುವುದಿಲ್ಲ. ಯಾಕೆ ಕದಿಯುವುದಿಲ್ಲ? ಅದೇ ಮೊದಲ ಅನುಮಾನ. ಪಕ್ಕದ ಮನೆಯ ಅಜ್ಜ ನನ್ನನ್ನು ಕಂಡಾಗಲೆಲ್ಲ "ಆಲ್ ರೈಟ್, ಲವ್?" ಅನ್ನುತ್ತಾರೆ. ಕಟ್ಟಿಕೊಂಡವರು ಐದು ವರ್ಷದಲ್ಲಿ ಒಮ್ಮೆಯೂ ಕೇಳದ್ದನ್ನು ಬೇಲಿಯಾಚೆಯ ಎಪ್ಪತ್ತರ ಮುದುಕ ದಿನಾ ಯಾಕೆ ಕೇಳಬೇಕು? ಅದು ಎರಡನೆಯದು. ಮೂರನೆಯದು ಆ ಅಜ್ಜನ ನಾಯಿ.

ಕೆಟ್ಟು ನಿಂತ ನಾಯಿ

ನಮ್ಮ ಮಗಳಿಗೆ ಆಗ ನಾಲ್ಕು ವರ್ಷ. ಜನವರಿಯ ಒಂದು ಬೆಳಿಗ್ಗೆ ಅವಳಿಗೆ ಜಡೆ ಹಾಕುತ್ತ ಕಿಟಕಿಯಿಂದ ನೋಡಿದರೆ, ಅಜ್ಜನ ನಾಯಿ ಬೆಸ್ ನಮ್ಮ ಹಿತ್ತಲ ಬೇಲಿಯ ಹತ್ತಿರ ನಿಂತಿತ್ತು. ಬಿಳಿ ಮೈ, ಕಂದು ಚುಕ್ಕೆ. ಮುಂಗಾಲು ಒಂದು ಮೇಲೆ, ಬಾಲ ಕೋಲಿನ ಹಾಗೆ ನೇರ, ಮೂಗು ಬೇಲಿಯ ಬುಡಕ್ಕೆ. ಒಂದು ಜಡೆ ಮುಗಿಯಿತು, ನಾಯಿ ಹಾಗೇ ಇದೆ. ಎರಡನೇ ಜಡೆಯೂ ಮುಗಿಯಿತು, ರಿಬ್ಬನ್ನೂ ಆಯಿತು. ಬಾಲದ ತುದಿ ಕೂಡ ಅಲ್ಲಾಡಲಿಲ್ಲ.

ಓಡಿ ಹೋಗಿ ಅಜ್ಜನ ಬಾಗಿಲು ಬಡಿದೆ. ನನ್ನ ಹತ್ತನೇ ಕ್ಲಾಸಿನ ಇಂಗ್ಲಿಷಿನಲ್ಲಿ, "ನಿಮ್ಮ ನಾಯಿ ಕೆಟ್ಟು ನಿಂತಿದೆ" ಅಂದೆ. ಅಜ್ಜನಿಗೆ ಸೊಂಟದ ಕೀಲು ಸವೆದಿತ್ತು. ಕೋಲೂರಿಕೊಂಡು ಹೊರಗೆ ಬಂದವರು ನಾಯಿಯನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು. ಅಷ್ಟರಲ್ಲಿ ಬೇಲಿಯ ಬುಡದಿಂದ ಒಂದು ದಪ್ಪ ಹಕ್ಕಿ ಬುರ್ರೆಂದು ಹಾರಿತು. ನಾಯಿ ಅದನ್ನು ಅಟ್ಟಿಸಿಕೊಂಡು ಹೋಗಲಿಲ್ಲ. ಒಳ್ಳೇ ಹುಡುಗಿಯ ಹಾಗೆ ಕುಂಡೆ ಊರಿ ಕೂತುಬಿಟ್ಟಿತು.

"ಇದು ಹಕ್ಕಿ ತೋರಿಸೋ ನಾಯಿ, ಲವ್" ಎಂದು ಅಜ್ಜ ಬಿಡಿಸಿ ಹೇಳಿದರು. ಹುಲ್ಲಿನಲ್ಲಿ ಅಡಗಿದ ಹಕ್ಕಿಯ ವಾಸನೆ ಬಂದರೆ ಇದು ಬೊಗಳುವುದಿಲ್ಲ, ಹಾರುವುದಿಲ್ಲ, ಹೀಗೆ ನಿಂತು ತೋರಿಸುತ್ತದೆ. ಗುಡ್ಡದ ಮೇಲೆ ಇದಕ್ಕೊಂದು ಪಂದ್ಯವೂ ಉಂಟು. ಇಬ್ಬರು ಜಡ್ಜ್ ಇರುತ್ತಾರೆ. ನಾಯಿ ನಿಂತು ತೋರಿಸಿದ ಕಡೆ ಹಕ್ಕಿ ಏಳದಿದ್ದರೆ ಅದು ಸುಳ್ಳು ಹೇಳಿದ ಹಾಗೆ.

"ಸುಳ್ಳು ಹೇಳಿದರೆ ಏನು ಮಾಡುತ್ತಾರೆ?"

"ಕೊರಳಿಗೆ ಹಗ್ಗ ಹಾಕಿ ಮನೆಗೆ ಕಳಿಸ್ತಾರೆ."

"ನಮ್ಮ ಕಡೆ ಹಾರ ಹಾಕಿ ವಿಧಾನಸೌಧಕ್ಕೆ ಕಳಿಸುತ್ತೇವೆ" ಅಂದೆ.

ಡಿಕ್ಕಿ

ಪಂದ್ಯ ಮಾರ್ಚಿನಲ್ಲಿ. ಅಜ್ಜ ಹತ್ತು ವರ್ಷದಿಂದ ಅದರಲ್ಲಿ ನಾಯಿ ಓಡಿಸುತ್ತಿದ್ದರೂ ಒಂದು ಸರ್ಟಿಫಿಕೇಟೂ ಬಂದಿರಲಿಲ್ಲ. ಏಪ್ರಿಲ್‌ನಲ್ಲಿ ಅವರ ಸೊಂಟದ ಆಪರೇಷನ್. ಬೆಸ್‌ಗೆ ಎಂಟು ತುಂಬಿತ್ತು. "ಇದೇ ನಮ್ಮಿಬ್ಬರ ಕೊನೇ ಪಂದ್ಯ" ಎಂದು ಅಜ್ಜ ಗಂಟಲು ಸರಿಮಾಡಿಕೊಂಡರು. ಅಳು ಬಂದಾಗ ಇಲ್ಲಿಯವರು ಅಳುವುದಿಲ್ಲ, ಕೆಮ್ಮುತ್ತಾರೆ. ಮಗಳನ್ನು ನರ್ಸರಿಗೆ ಬಿಟ್ಟು ಬಂದು ದಿನಾ ಒಂದು ಗಂಟೆ ಬೆಸ್ಸನ್ನು ನಾನೇ ಓಡಾಡಿಸುತ್ತೇನೆ ಅಂತ ಒಪ್ಪಿಕೊಂಡೆ.

ಎರಡು ವಾರ ಎಲ್ಲ ಸರಿಯಾಗಿತ್ತು. ಮೂರನೇ ಶನಿವಾರ ನಮ್ಮ ಮನೆ ಮುಂದೆಯೇ ಬೆಸ್ ಗಕ್ಕನೆ ನಿಂತಿತು. ಮುಂಗಾಲು ಮೇಲೆ, ಬಾಲ ನೇರ, ಮೂಗು ನಮ್ಮ ಕಾರಿನ ಡಿಕ್ಕಿಗೆ. ಗೇಟಿನಲ್ಲಿ ನಿಂತಿದ್ದ ಅಜ್ಜನ ಮುಖ ಬಿಳಿಚಿತು.

"ಒಳಗೇನಿದೆ, ಲವ್? ಕೋಳಿ ಗೀಳಿ?"

"ನಾವು ಲಿಂಗಾಯತರು, ಕೇಕಿನಲ್ಲಿ ಮೊಟ್ಟೆ ಇದ್ದರೂ ಮುಟ್ಟುವುದಿಲ್ಲ" ಅಂದೆ, ಎದೆ ಸೆಟೆಸಿ.

ನಮ್ಮನೆಯವರು ಗೇರ್ ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಚಪ್ಪಲಿಯಲ್ಲೇ ಓಡಿ ಬಂದರು. "ಡಿಕ್ಕಿ ತೆಗೀರಿ, ತೋರಿಸೋಣ" ಅಂದರೆ, "ಚಳಿಗೆ ಬೀಗ ಗಟ್ಟಿ ಆಗೇತಿ, ತೆಗ್ಯಾಕ ಬರಂಗಿಲ್ಲ" ಅಂದರು. ಒಳಗೆ ಸ್ಪೇರ್ ಟೈರ್ ಬಿಟ್ಟರೆ ಏನೂ ಇಲ್ಲ ಎಂದು ಅಜ್ಜನಿಗೆ ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದರು. ಒಂದೇ ಸಲ ಹೇಳಿದ್ದರೆ ನಾನೂ ನಂಬುತ್ತಿದ್ದೆ.

ಅಜ್ಜ ನಂಬಿಬಿಟ್ಟರು. "ವಯಸ್ಸಾಯ್ತು, ಮೂಗು ಹೋಯ್ತು. ಗುಡ್ಡದ ಮೇಲೆ ಎಲ್ಲರ ಎದುರು ಇವಳಿಗೆ ಸುಳ್ಳಿ ಅಂತ ಹೆಸರು ಬರೋದು ಬೇಡ" ಅಂದರು. ಪಂದ್ಯದಿಂದ ಹೆಸರು ತೆಗೆಯಿರಿ ಎಂದು ಕಾಗದ ಬರೆದು, ಸೋಮವಾರ ಬೆಳಿಗ್ಗೆ ಪೋಸ್ಟ್ ಮಾಡುತ್ತೇನೆ ಅಂತ ಟಿವಿ ಮೇಲೆ ಇಟ್ಟರು. ಬೆಸ್ ಮಾತ್ರ ಇನ್ನೂ ಡಿಕ್ಕಿಯ ಮುಂದೆಯೇ ನಿಂತಿತ್ತು. ನಾನೇ ಅದನ್ನು ಅಕ್ಕಿಮೂಟೆಯ ಹಾಗೆ ಎತ್ತಿಕೊಂಡು ಹೋಗಿ ಅಜ್ಜನ ಮನೆಯೊಳಗೆ ಬಿಡಬೇಕಾಯಿತು.

ನಮ್ಮನೆಯವರಂತೂ ಆ ಚಳಿಯಲ್ಲಿ ಹಣೆಯ ಬೆವರು ಒರೆಸಿಕೊಂಡರು. ಬೀಗ ಹೆಪ್ಪುಗಟ್ಟುವ ಚಳಿ, ಮನುಷ್ಯನಿಗೆ ಬೆವರು! ಬಿಬಿಸಿಯವರಿಗೂ ಗೊತ್ತಿಲ್ಲದ ಹವಾಮಾನ ಇದು.

ತನಿಖೆ

ಮರುದಿನ ಭಾನುವಾರ. ಶಿವರಾತ್ರಿ ಪೂಜೆಯ ಮೀಟಿಂಗಿಗೆಂದು ನಮ್ಮನೆಯವರು ಲೀಡ್ಸಿಗೆ ಹೋದರು. ಸುತ್ತಲ ನಾಲ್ಕೂರಿನ ಲಿಂಗಾಯತರ ಪೂಜೆಗೆ ಇವರೇ ಮುಂದಾಳು. ಇತ್ತ ನಾನು ಬೆಸ್ಸನ್ನು ನಮ್ಮ ಮನೆಯೊಳಗೆ ಕರೆದುಕೊಂಡು ಬಂದು ಸರಪಳಿ ಬಿಚ್ಚಿದೆ. "ಹುಡುಕವ್ವಾ" ಅಂದೆ. ಅಲ್ಲಿಯವರೆಗೆ ಇಂಗ್ಲಿಷ್ ಮಾತ್ರ ಕೇಳಿದ ನಾಯಿ, ಹೊರಟೇಬಿಟ್ಟಿತು.

ಅಡುಗೆಮನೆಯಲ್ಲಿ ಏನಿಲ್ಲ. ಮಂಚದ ಕೆಳಗೆ ಏನಿಲ್ಲ. ದೇವರ ಗೂಡನ್ನು ಒಂದು ಸಲ ಮೂಸಿ ಮರ್ಯಾದೆಯಿಂದ ಮುಂದೆ ಹೋಯಿತು. ಇವರ ಆಫೀಸಿನ ಕೋಟಿನ ಹತ್ತಿರ ಸ್ವಲ್ಪ ತಡೆಯಿತು. ಹಿತ್ತಲ ಶೆಡ್ಡಿನ ಬಾಗಿಲಿಗೆ ಬಂದದ್ದೇ, ಮುಂಗಾಲು ಮೇಲೆ.

ಸುತ್ತಿಗೆ ತಂದು ಬೀಗ ಒಡೆದೆ. ಹುಲ್ಲು ಕತ್ತರಿಸುವ ಮಷೀನಿನ ಹಿಂದೆ, ಮೊಳೆಗೆ, ಕೊರಳಿಗೆ ದಾರ ಕಟ್ಟಿದ ಎರಡು ಹಕ್ಕಿ ನೇತಾಡುತ್ತಿದ್ದವು. ಉದ್ದ ಬಾಲ, ಹೊಳೆಯುವ ಪುಕ್ಕ. ಇಲ್ಲಿ ಫೆಸೆಂಟ್ ಅನ್ನುತ್ತಾರೆ, ನಮ್ಮ ಕಡೆಯ ಕಾಡುಕೋಳಿಯ ದೂರದ ಸಂಬಂಧಿ.

ಸಂಜೆ ಇವರು ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ ಇಟ್ಟುಕೊಂಡು ಬಂದರು. ಸೀದಾ ಶೆಡ್ಡಿಗೆ ಕರೆದುಕೊಂಡು ಹೋದೆ.

"ಏನ್ರೀ ಇದು?"

"ಬೆಕ್ಕು ತಂದು ಹಾಕಿರಬೇಕು."

"ಬೆಕ್ಕು ಕೊರಳಿಗೆ ದಾರ ಕಟ್ಟಿ, ಮೊಳೆ ಹೊಡದು, ನೇತು ಹಾಕಿ, ಬೀಗ ಜಡಕೊಂಡು ಹೋತೇನ್ರೀ?"

ಆಮೇಲೆ ನಿಜ ಬಂತು. ಹೊಸ ಮ್ಯಾನೇಜರ್ ಬೇಟೆಯಾಡಿ ಪ್ರೀತಿಯಿಂದ ಕೊಟ್ಟಿದ್ದನಂತೆ. ಬೇಡ ಅಂದರೆ ಬೇಜಾರಾಗುತ್ತಾನೆ ಅಂತ ತಂದರಂತೆ. ಎಸೆಯಲು ಪಾಪ ಅನ್ನಿಸಿ, ಹಿಂದಿನ ರಾತ್ರಿ ಡಿಕ್ಕಿಯಿಂದ ತೆಗೆದು ಶೆಡ್ಡಿಗೆ ಸಾಗಿಸಿದರಂತೆ.

"ಪಾಪ ಅನಿಸಿದ್ರ ಹುಗೀಬೇಕಿತ್ತು. ಇಲ್ಲಿ ಯಾಕ ನೇತು ಹಾಕೀರಿ?"

"ಒಂದು ವಾರ ಬಿಟ್ಟರ ರುಚಿ ಬರತೈತಂತ ಹೇಳಿದ..." ಅಂದವರು ಅಲ್ಲಿಗೇ ನಾಲಿಗೆ ಕಚ್ಚಿಕೊಂಡರು.

"ಯಾರಿಗ್ರೀ ರುಚಿ?"

"ಯಾರ ಮುಂದೂ ಹೇಳಬ್ಯಾಡ ಮಾರಾಯ್ತಿ, ಶಿವರಾತ್ರಿ ಹತ್ತರ ಬಂದೈತಿ" ಎಂದು ಕೈ ಮುಗಿದರು. ನಾನು ಕರಗಲಿಲ್ಲ. ಸತ್ಯ ಹೇಳಿದ ನಾಯಿಗೆ ಸುಳ್ಳಿ ಅಂತ ಹೆಸರು, ಸುಳ್ಳು ಹೇಳಿದವರು ಪೂಜೆಗೆ ಮುಂದಾಳು, ಇದ್ಯಾವ ನ್ಯಾಯ? ಬೆಳಗಾದರೆ ಕಾಗದ ಪೋಸ್ಟಿಗೆ ಹೋಗುತ್ತದೆ. "ಈಗಿಂದೀಗ ಎರಡೂ ಹಕ್ಕಿ ಹಿಡಕೊಂಡು ಅಜ್ಜನ ಮನೀಗೆ ಹೋಗ್ರಿ. ತಪ್ಪಾತು ಅನ್ರಿ. ಅಜ್ಜನ ಮುಂದ ಮಾತ್ರ ಅಲ್ಲ, ನಾಯಿ ಮುಂದನೂ ಅನ್ರಿ" ಅಂದೆ.

ಹೋದರು. ಅಜ್ಜ ಕಾಗದ ಹರಿದು ಹಾಕಿದರು. ಮರುದಿನ ಬೆಳಿಗ್ಗೆ ಬೇಲಿಯ ಮೇಲಿಂದ ನನ್ನ ಕೈ ಹಿಡಿದು ತುಂಬಾ ಹೊತ್ತು ಕೆಮ್ಮಿದರು. ಬೆಸ್‌ಗೆ ಮಾತ್ರ ಕ್ಷಮಿಸುವ ಉದ್ದೇಶ ಇದ್ದಂತಿರಲಿಲ್ಲ. ಆವತ್ತಿನಿಂದ ಅದು ನಮ್ಮನೆಯವರು ಎದುರಾದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿತ್ತು.

ಸುಳ್ಳು ಗುಂಡು

ಪಂದ್ಯದ ದಿನ ಅಜ್ಜನನ್ನು ನಮ್ಮ ಕಾರಿನಲ್ಲೇ ಕರೆದೊಯ್ದೆವು. ಗುಡ್ಡದ ಮೇಲೆ ಮರವಿಲ್ಲ, ಮನೆಯಿಲ್ಲ, ಮೊಣಕಾಲೆತ್ತರದ ಕಂದು ಪೊದೆ, ಕಿವಿ ಕಿತ್ತುಹೋಗುವ ಗಾಳಿ. ನಲವತ್ತು ಜನ ಒಂದೇ ಬಣ್ಣದ ಕೋಟು ಹಾಕಿಕೊಂಡು ಪಿಸುಗುಟ್ಟುತ್ತಿದ್ದರು. ಪಿಸುಗುಟ್ಟುವವರನ್ನು ಕಂಡರೆ ನನಗೆ ಮೊದಲೇ ಆಗುವುದಿಲ್ಲ. ಅವರಲ್ಲೊಬ್ಬನ ಕೈಯಲ್ಲಿ ಬಂದೂಕು ಬೇರೆ.

"ವಸಂತದಲ್ಲಿ ಹಕ್ಕಿ ಕೊಲ್ಲೋ ಹಾಗಿಲ್ಲ ಅಂತ ಅಜ್ಜ ಹೇಳಿದ್ದರಲ್ಲ, ಇದು ಯಾಕೆ?" ಎಂದು ನೇರ ಅವನನ್ನೇ ಕೇಳಿದೆ.

"ಒಳಗೆ ಗುಂಡಿಲ್ಲ, ಲವ್. ಬರೀ ಸದ್ದಿಗೆ. ಸದ್ದಾದಾಗ ನಾಯಿ ಹೆದರದೆ ಕೂರಬೇಕು."

"ದೀಪಾವಳಿಗೆ ನಮ್ಮ ನಾಯಿಗಳೂ ಮಂಚದ ಕೆಳಗೆ ಕೂರುತ್ತವೆ, ಒಂದಕ್ಕೂ ಕಪ್ ಕೊಟ್ಟಿಲ್ಲ" ಅಂದೆ.

ನಾಯಿಗಳನ್ನು ಎರಡೆರಡಾಗಿ ಬಿಡುತ್ತಿದ್ದರು. ಹಕ್ಕಿ ಕಂಡು ಅಟ್ಟಿಸಿಕೊಂಡು ಹೋದ ನಾಯಿಗಳೆಲ್ಲ ಕೊರಳಿಗೆ ಹಗ್ಗ ಬಿದ್ದು ತಲೆ ತಗ್ಗಿಸಿ ವಾಪಸು ಬಂದವು. ಬೆಸ್‌ನ ಸರದಿ ಬಂತು. ಗಾಳಿಗೆ ಎದುರಾಗಿ ಎಡಕ್ಕೆ ಬಲಕ್ಕೆ ಓಡಿ, ಒಂದು ಪೊದೆಯ ಹತ್ತಿರ ಗಕ್ಕನೆ ನಿಂತಿತು. ಅಜ್ಜ ಕೋಲೂರಿಕೊಂಡು ಹತ್ತಿರ ಹೋಗಿ, ಹಕ್ಕಿ ಎಬ್ಬಿಸು ಎನ್ನುವ ಹಾಗೆ ಚಿಟಿಕೆ ಹೊಡೆದರು. ಬೆಸ್ ಎರಡು ಹೆಜ್ಜೆ ಮುಂದೆ ಹೋಯಿತು. ಹಕ್ಕಿ ಏಳಲಿಲ್ಲ. ಇನ್ನೆರಡು ಹೆಜ್ಜೆ. ಇಲ್ಲ.

ದಪ್ಪ ಜಡ್ಜ್ ಪುಸ್ತಕ ತೆಗೆದು ಪೆನ್ಸಿಲ್ಲಿಗೆ ಎಂಜಲು ಹಚ್ಚಿದ. "ಹಗ್ಗ ಹಾಕಿ" ಅಂದ.

ಅಜ್ಜ ಹಗ್ಗ ತೆಗೆಯಲಿಲ್ಲ. "ಹಕ್ಕಿ ಇದೆ" ಅಂದರು.

"ಇದ್ದರೆ ಏಳುತ್ತಿತ್ತಲ್ಲ?"

"ನನ್ನ ನಾಯಿ ಇದೆ ಅಂತಿದೆ. ಒಂದು ಸಲ ನಂಬದೆ ಕೆಟ್ಟೆ. ಇವತ್ತು ನಾನು ಹಗ್ಗ ಹಾಕೋದಿಲ್ಲ."

ದಪ್ಪ ಜಡ್ಜ್ ನಿಟ್ಟುಸಿರು ಬಿಟ್ಟು, ತಾನೇ ತೋರಿಸಿಕೊಡುತ್ತೇನೆ ಅನ್ನುವವನ ಹಾಗೆ ಪೊದೆಯ ನಡುವೆ ಕಾಲಿಟ್ಟ. ಅವನ ಎರಡು ಬೂಟಿನ ನಡುವಿನಿಂದ ಕಂದು ಕೋಳಿಯಂಥ ಹಕ್ಕಿಯೊಂದು ಬೈಯುತ್ತ ಮೇಲೆದ್ದಿತು. ಜಡ್ಜ್ ಹಿಂದಕ್ಕೆ ಕೆಸರಿಗೆ ಬಿದ್ದ. ಬಂದೂಕು ಢಂ ಅಂದಿತು. ಇಡೀ ಗುಡ್ಡದ ಮೇಲೆ ಅಲ್ಲಾಡದೆ ಕೂತಿದ್ದವಳು ಬೆಸ್ ಒಬ್ಬಳೇ.

ಕೆಸರಲ್ಲಿ ಕೂತೇ ಆತ ನೆನೆದ ಪುಸ್ತಕದಲ್ಲಿ ಏನೋ ಬರೆದುಕೊಂಡ. ಸಂಜೆ ಬೆಸ್‌ಗೆ ಮೂರನೇ ಬಹುಮಾನದ ಸರ್ಟಿಫಿಕೇಟು ಬಂತು. ಅಕ್ಷರ ಸರಿಯಾಗಿದೆಯೋ ಇಲ್ಲವೋ ಎಂದು ನಾನು ಎರಡು ಸಲ ಓದಿ ನೋಡಿ ಅಜ್ಜನಿಗೆ ಕೊಟ್ಟೆ. ಒದ್ದೆ ಪ್ಯಾಂಟಿನವರನ್ನು ಅಷ್ಟು ಬೇಗ ನಂಬಬಾರದು.

ಕೆಂಪು ದೀಪ

ಬರುವಾಗ ಸ್ಟೇರಿಂಗ್ ನಮ್ಮನೆಯವರ ಕೈಯಲ್ಲಿ, ಅಜ್ಜ ಅವರ ಪಕ್ಕದ ಸೀಟಿನಲ್ಲಿ, ನಾನೂ ಮಗಳೂ ಬೆಸ್ಸೂ ಹಿಂದೆ. ಅಜ್ಜನ ಖುಷಿ ಕಾರಿನಲ್ಲಿ ಹಿಡಿಸುತ್ತಿರಲಿಲ್ಲ. ಹಡರ್ಸ್‌ಫೀಲ್ಡಿನ ಮೊದಲ ಸಿಗ್ನಲ್ಲಿನಲ್ಲಿ ಕೆಂಪು ದೀಪಕ್ಕೆ ನಿಂತಾಗ, ಕಷ್ಟಪಟ್ಟು ಹಿಂದಕ್ಕೆ ತಿರುಗಿದರು.

"ನಿನ್ನ ಗಂಡನಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು, ಲವ್. ಅವತ್ತು ರಾತ್ರಿ ಬಂದು ನಿಜ ಹೇಳಿದ. ನನ್ನ ಮನಸ್ಸು ಹಗುರ ಮಾಡಿದ. ಅಷ್ಟು ಸಾಲದು ಅಂತ ತಾನೇ ನಿಂತು ಆ ಹಕ್ಕಿ ಬೇಯಿಸಿದ. ನಿಮ್ಮೂರಿನ ಆ ಕೆಂಪು ಖಾರದಪುಡಿ! ನಾನು ಒಂದು ತಿಂದೆ, ಅವನು ಒಂದು ತಿಂದ. ಮೂಳೆ ಕೂಡ ಬಿಡಲಿಲ್ಲ."

ಆ ರಾತ್ರಿ ಇವರು ಕಣ್ಣು ಮೂಗು ಕೆಂಪು ಮಾಡಿಕೊಂಡು ಬಂದಿದ್ದರು. ಪಶ್ಚಾತ್ತಾಪದಿಂದ ಅತ್ತಿದ್ದಾರೆ ಎಂದು ನಾನು ಶುಂಠಿ ಚಹಾ ಮಾಡಿ ಕೊಟ್ಟು ಬೆನ್ನು ಸವರಿದ್ದೆ.

"ಹೌದೇನ್ರೀ?" ಅಂದೆ.

ಸಿಗ್ನಲ್ ಹಸಿರಾಯಿತು. ಹಿಂದಿನ ಕಾರಿನವನು ಹಾರ್ನ್ ಹೊಡೆದ, ಅವನ ಹಿಂದಿನವನೂ ಹೊಡೆದ. ನಮ್ಮನೆಯವರು ಕ್ಲಚ್ಚಿನ ಮೇಲೆ ಒಂದು ಕಾಲು ಎತ್ತಿ ಹಿಡಿದು, ಕತ್ತು ನೇರ ಮಾಡಿ, ಮೂಗು ಗಾಜಿಗೆ ನೆಟ್ಟು, ಉಸಿರೂ ಆಡದೆ ಕೂತಿದ್ದರು.

ಅಜ್ಜ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

"ಇವನನ್ನು ಓಡಿಸಿದ್ದರೆ ಮೊದಲ ಬಹುಮಾನ, ಲವ್."