ಬಾಗಿಲು ತೆಗೆದವನ ದನಿ

ಬೆಳಿಗ್ಗೆ ಆರೂವರೆಗೆ ನಲ್ಲಿ ತಿರುಗಿಸಿದರೆ ನೀರು ಬರಲಿಲ್ಲ. ಅಷ್ಟಕ್ಕೇ ಎಲ್ಲ ಶುರುವಾಯಿತು. ದನಿಯಣ್ಣ ಮನೆಯ ಬಾಗಿಲು ತೆರೆದು, ಮೆಟ್ಟಿಲ ಕಡೆ ತಲೆ ಹಾಕಿ, "ಯಾರಿಗಾದ್ರೂ ನೀರು ಬಂತಾ?" ಎಂದು ಕೇಳಿದ. ಮೂರಂತಸ್ತಿನ ಹಳೆಯ ಕಟ್ಟಡ. ಆ ಮೆಟ್ಟಿಲುಗಳ ನಡುವೆ ಸೀನಿದರೂ ಗುಡುಗಿದಂತೆ ಕೇಳುತ್ತಿತ್ತು. ಮೇಲಿನ ಮನೆಯ ಟೈಲರ್ ಅಕ್ಕನಿಂದ ತಕ್ಷಣ ಉತ್ತರ ಬಂತು.

"ಶತ್ರುಗಳಿಗೆ ಬಾಗಿಲು ತೆಗೆದವರಿಗೆ ನೀರು ಬೇರೆ ಕೇಡು."

ದನಿಯಣ್ಣ ಈ ಜನ್ಮದಲ್ಲಿ ಯಾವ ಶತ್ರುವಿಗೂ ಬಾಗಿಲು ತೆಗೆದವನಲ್ಲ. ತೆಗೆದವನು 'ಕಡೆಯ ನೌಕೆ' ಎಂಬ ಟೀವಿ ಧಾರಾವಾಹಿಯ ಉಪನಾಯಕ. ಭೂಮಿ ಹಾಳಾದ ಮೇಲೆ ಉಳಿದ ಮುನ್ನೂರು ಜನರನ್ನು ಹೊತ್ತು ನಕ್ಷತ್ರಗಳ ನಡುವೆ ಅಲೆಯುವ ನೌಕೆ ಅದು. ಹೋದ ಭಾನುವಾರದ ಕಂತಿನಲ್ಲಿ, ನಾಯಕ ಬೇಡ ಬೇಡ ಎಂದು ಕೂಗುತ್ತಿದ್ದರೂ ಉಪನಾಯಕ ಹಿಂಬಾಗಿಲ ಮುಂದೆ ನಿಂತು "ತೆರೆ" ಎಂದುಬಿಟ್ಟಿದ್ದ. ಬಾಗಿಲು ತೆರೆಯಿತು, ಕಂತು ಮುಗಿಯಿತು. ಆ "ತೆರೆ" ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ದನಿ ಕೊಟ್ಟವನು ದನಿಯಣ್ಣ. ಧಾರಾವಾಹಿ ಶುರುವಾದಾಗ ಅವನ ಹೆಂಡತಿಯೇ ಹೆಮ್ಮೆಯಿಂದ ಮನೆಮನೆಗೂ ಹೋಗಿ ಸುದ್ದಿ ಹೇಳಿ ಬಂದಿದ್ದಳು. ಈಗ ಅದು ತಾನೇ ಬೆಳೆಸಿದ ಬಳ್ಳಿ ಕಾಲಿಗೆ ತೊಡರಿಕೊಂಡಂತಾಗಿತ್ತು.

ಒಳಗೆ ಬಂದರೆ ಅತ್ತೆ ಕುರ್ಚಿಯನ್ನು ಗೋಡೆಗೆ ತಿರುಗಿಸಿಕೊಂಡು ಕೂತಿದ್ದರು. ಒಂದು ವಾರದಿಂದ ಅವರು ಅಳಿಯನ ಮುಖ ನೋಡಿರಲಿಲ್ಲ.

"ಅಳಿಯಂದಿರು ಅಂತ ಸುಮ್ನಿದೀನಿ," ಎಂದು ಗೋಡೆಗೆ ಹೇಳಿದರು. "ಇಲ್ದಿದ್ರೆ ಆ ನಾಯಕನ ಕಣ್ಣೀರಿಗೆ ಯಾರು ಹೊಣೆ ಅಂತ ಕೇಳ್ತಿದ್ದೆ. ತಮ್ಮನ ಹಾಗೆ ನಿಮ್ಮನ್ನ ಸಾಕಿದ್ದ ಅವನು."

"ಅತ್ತೆ, ಅದು ಕತೆ."

"ದನಿ ನಿಮ್ದೇ ತಾನೇ? ಊಟಕ್ಕೆ ಹಾಕು ಅಂತ ದಿನಾ ಕೇಳೋದೂ ಅದೇ ದನಿ ತಾನೇ?"

ಹೆಂಡತಿ ಕಾಫಿ ಲೋಟ ತಂದಿಟ್ಟು, ಲೋಟವನ್ನು ಮಾತ್ರ ಕೈಬಿಡದೆ ಹಿಡಿದುಕೊಂಡೇ ಪಿಸುಗುಟ್ಟಿದಳು.

"ರೀ, ನನಗೊಬ್ಬಳಿಗೆ ಹೇಳಿ. ಆ ಮನುಷ್ಯ ಯಾಕೆ ಬಾಗಿಲು ತೆಗೆದ?"

"ಗೋಡೆಗೂ ಹೇಳಲ್ಲ."

"ಹದಿನಾಲ್ಕು ವರ್ಷದಿಂದ ಅಡುಗೆ ಮಾಡಿ ಹಾಕ್ತಿರೋ ಗೋಡೆ ಇದು. ಸ್ವಲ್ಪ ಮರ್ಯಾದೆ ಕೊಡಿ."

"ಸಂಜೆ ಏಳು ಗಂಟೆವರೆಗೂ ನಾನು ಮೂಗ ಅಂತ ತಿಳ್ಕೋ."

ಅವನಿಗೆ ಗೊತ್ತಿತ್ತು. ಒಂದು ತಿಂಗಳಿಂದ ಗೊತ್ತಿತ್ತು. ಈ ಸಂಜೆ ಏಳಕ್ಕೆ ಬರಲಿದ್ದ ಕೊನೆಯ ಕಂತಿನ ಡಬ್ಬಿಂಗ್ ಮುಗಿದ ದಿನವೇ, ಒಂದಕ್ಷರ ಹೊರಗೆ ಬಿಡುವುದಿಲ್ಲ ಎಂದು ಕಾಗದಕ್ಕೆ ಸಹಿ ಹಾಕಿದ್ದ. ಉಪನಾಯಕ ದ್ರೋಹಿಯಲ್ಲ. ಹದಿನೆಂಟು ವರ್ಷ ಅವನು ದನಿ ಕೊಟ್ಟಿದ್ದು ಗುಂಪಿನ ಗದ್ದಲಕ್ಕೆ, ಬೆಟ್ಟದಿಂದ ಬೀಳುವವರ ಕಿರುಚಾಟಕ್ಕೆ, ಒಮ್ಮೆ ಒಂದು ಹೇಸರಗತ್ತೆಗೆ. ವಾಕ್ಯಗಳಲ್ಲಿ ಮಾತಾಡುವ ಮನುಷ್ಯನೊಬ್ಬ ಸಿಕ್ಕಿದ್ದು ಇದೇ ಮೊದಲು. ಮುಂದಿನ ಸೀಸನ್ನಿಗೂ ಅವನನ್ನೇ ಕರೆಯುವುದಾಗಿ ಹೇಳಿದ್ದರು. ಬಾಯಿ ಬಿಟ್ಟರೆ ಮತ್ತೆ ಬೆಟ್ಟ ಹತ್ತಿ ಬೀಳಬೇಕು.

ಎಂಟು ಗಂಟೆಗೆ ಸ್ಟುಡಿಯೋದ ಮೇಲ್ವಿಚಾರಕನ ಫೋನು ಬಂತು.

"ಇವತ್ತೊಂದು ದಿನ ಹುಷಾರು. ಏಳು ಗಂಟೆ ಮುಂಚೆ ಸೋರಿದ್ರೆ ನನ್ನ ಕೆಲಸಾನೂ ಹೋಗುತ್ತೆ, ನಿಮ್ಮದೂ ಹೋಗುತ್ತೆ."

"ಮುಂದಿನ ಸೀಸನ್ನಲ್ಲಿ ಉಪನಾಯಕ ಇದ್ದಾನೆ ತಾನೇ?"

"ಕಂತು ಕಂತಿಗೂ ಇದ್ದಾನೆ. ಈಗ ಫೋನಿಡಿ, ಮಾತು ಕಡಿಮೆ ಮಾಡಿ."

ಧೈರ್ಯ ಬಂದು ದನಿಯಣ್ಣ ಗಡ್ಡ ಮಾಡಿಸಲು ಬೀದಿ ತುದಿಯ ಸಲೂನಿಗೆ ಹೋದ. ಅದೇ ತಪ್ಪಾಯಿತು. ಸಲೂನಿನವನು ಬಲಗೆನ್ನೆ ಪೂರ್ತಿ ಕೆರೆದು, ಎಡಗೆನ್ನೆಗೆ ನೊರೆ ಹಚ್ಚಿ, ಕತ್ತಿಯನ್ನು ಗಾಳಿಯಲ್ಲೇ ನಿಲ್ಲಿಸಿದ. ಕಾಯುತ್ತಿದ್ದ ಗಿರಾಕಿಗಳೆಲ್ಲ ಪೇಪರು ಮಡಚಿದರು.

"ಸಾರ್, ಒಂದು ಮಾತು. ಹುಕುಂ ಮೀರಿದವನು ದ್ರೋಹಿ ಹೌದೋ ಅಲ್ವೋ?"

"ಹುಕುಮೇ ತಪ್ಪಾಗಿದ್ರೆ?" ಎಂದ ದನಿಯಣ್ಣ, ತುಟಿಯನ್ನಷ್ಟೇ ಅಲ್ಲಾಡಿಸಿ.

ಬೆಂಚಿನಲ್ಲಿದ್ದ ಔಷಧಿ ಅಂಗಡಿಯವರು ಬಾಯಿ ಹಾಕಿದರು. "ತಪ್ಪೋ ಸರಿಯೋ ಅಂತ ತೂಗಿ ನೋಡಿ ಕೊಡೋದು ನಿಷ್ಠೆ ಅಲ್ಲ, ವ್ಯಾಪಾರ. ನಿಷ್ಠೆ ಅಂದ್ರೆ ಕಣ್ಣು ಮುಚ್ಚಿಕೊಂಡು ನಿಲ್ಲೋದು."

"ಕಣ್ಣು ಮುಚ್ಚಿಕೊಂಡು ನೀವು ಮಾತ್ರೆ ಕೊಡಿ ನೋಡೋಣ."

ಯಾರೋ ಕಿಸಕ್ಕೆಂದರು. ಔಷಧಿ ಅಂಗಡಿಯವರ ಮುಖ ಬಿಗಿಯಿತು. ಸಲೂನಿನವನು ಕತ್ತಿಯನ್ನು ತಟ್ಟೆಯಲ್ಲಿಟ್ಟ.

"ಹಾಗಾದ್ರೆ ಹೇಳಿಬಿಡಿ ಸಾರ್, ಬಾಗಿಲು ಯಾಕೆ ತೆಗೆದ್ರಿ? ಹೇಳಿದ್ರೆ ಎಡಗೆನ್ನೆ. ಇಲ್ದಿದ್ರೆ ಹೀಗೇ."

ದನಿಯಣ್ಣ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡ. ಅರ್ಧ ಮನುಷ್ಯ, ಅರ್ಧ ಕರಡಿ. ಕುತ್ತಿಗೆಯ ಬಟ್ಟೆ ಕಿತ್ತು, ನೊರೆ ಒರೆಸಿ, "ಹೀಗೇ ಇರಲಿ," ಎಂದು ಎದ್ದು ನಡೆದ. ಮನೆ ತಲುಪುವವರೆಗೂ ಬೇಕೆಂದೇ ಎಡಗೆನ್ನೆಯನ್ನು ಜನರ ಕಡೆ ತಿರುಗಿಸಿಕೊಂಡು ಹೋದ.

ಮಧ್ಯಾಹ್ನದ ಹೊತ್ತಿಗೆ ಕಟ್ಟಡದ ಕಾರ್ಯದರ್ಶಿ ಗೋಡೆಗೆ ನೋಟೀಸು ಅಂಟಿಸಿದ್ದರು. ನಾಲ್ಕು ಗಂಟೆಗೆ ಮೆಟ್ಟಿಲ ಬಳಿ ಸಭೆ. ವಿಷಯ: ದೊಡ್ಡ ಟೀವಿ. ಕಟ್ಟಡದಲ್ಲಿ ದೊಡ್ಡ ಟೀವಿ ಇದ್ದದ್ದು ಅವರ ಮನೆಯಲ್ಲಿ ಮಾತ್ರ. ಪ್ರತಿ ಭಾನುವಾರ ಎಲ್ಲರೂ ಅಲ್ಲಿಯೇ ಸೇರುತ್ತಿದ್ದರು. ಮೂವತ್ತು ವರ್ಷ ಕಚೇರಿಯಲ್ಲಿ ಕಡತ ತಿರುವಿ ನಿವೃತ್ತರಾದವರು ಅವರು. ಸೊಳ್ಳೆ ಹೊಡೆಯಬೇಕಾದರೂ ಮೊದಲು ಅದಕ್ಕೆ ಕಾರಣ ಕೇಳುವ ಸ್ವಭಾವ.

"ನಮ್ಮಲ್ಲಿ ದ್ವೇಷ ಇಲ್ಲ," ಎಂದು ಅವರು ಸಭೆ ಶುರು ಮಾಡಿದರು. "ಆದರೆ ಜನರ ಮನಸ್ಸಿಗೆ ನೋವಾಗಿದೆ. ಉಪನಾಯಕನ ಪರವಾಗಿ ತಾವು ಒಂದು ಕ್ಷಮಾಪಣೆ ಹೇಳಿದ್ರೆ ಸಾಕು. ಅದೇ ದನಿಯಲ್ಲಿ. ಆಮೇಲೆ ತಮಗೆ ಎಂದಿನ ಜಾಗ, ಫ್ಯಾನಿನ ಕೆಳಗೆ."

"ಹೇಳಲ್ಲ."

"ಎರಡೇ ಸಾಲು."

"ಒಂದಕ್ಷರ ಹೇಳಲ್ಲ. ನನ್ನ ತಪ್ಪಿದ್ರೆ ಸಾವಿರ ಸಲ ಹೇಳ್ತೀನಿ. ಅವನ ಬಗ್ಗೆ ಮಾತ್ರ ಹೇಳಲ್ಲ."

ಟೈಲರ್ ಅಕ್ಕ ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡೇ ಬಂದಿದ್ದಳು. "ಹೌದಪ್ಪಾ, ನೀನು ಅವನ ಪರ. ಅನ್ನ ತಿಂದ ಮನೆಗೆ ಕನ್ನ ಹಾಕಿದವನ ಪರ. ಒಂದೇ ತಟ್ಟೇಲಿ ಉಂಡವರು ಅವರಿಬ್ಬರು."

"ಅಕ್ಕಾ, ವಾರದಿಂದ ಎಲ್ಲರೂ ಬೈದಿರಿ. ಯಾಕೆ ತೆಗೆದ ಅಂತ ಒಬ್ಬರಾದ್ರೂ ಯೋಚನೆ ಮಾಡಿದ್ರಾ? ಬಾಗಿಲ ಆಚೆ..."

ಮಾತು ನಾಲಿಗೆಯ ತುದಿಗೆ ಬಂದಿತ್ತು. ಮೆಟ್ಟಿಲ ತುಂಬ ನಿಂತಿದ್ದವರೆಲ್ಲ ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗಿದರು. ಬಾಗಿದವರಲ್ಲಿ ಅವನ ಹೆಂಡತಿಯೇ ಮೊದಲಿಗಳು. ದನಿಯಣ್ಣ ಬಾಯಿ ಮುಚ್ಚಿದ. ಹಲ್ಲಿಗೆ ಹಲ್ಲು ತಾಗಿದ ಸದ್ದು ಎಲ್ಲರಿಗೂ ಕೇಳಿಸಿತು.

"ಆಚೆ ಏನು?" ಎಂದರು ಕಾರ್ಯದರ್ಶಿ.

"ಸಂಜೆ ಏಳಕ್ಕೆ ಬರ್ತೀನಿ. ಫ್ಯಾನಿನ ಕೆಳಗೆ ಬೇಡ, ಬಾಗಿಲ ಹತ್ತಿರ ಕೂರ್ತೀನಿ. ಆದರೆ ಬಂದೇ ಬರ್ತೀನಿ."

ಏಳಕ್ಕೆ ಐದು ನಿಮಿಷವಿರುವಾಗ ದನಿಯಣ್ಣ ಅರ್ಧ ಗಡ್ಡದಲ್ಲೇ ಹೋಗಿ ಚಪ್ಪಲಿಗಳ ಪಕ್ಕದ ಸ್ಟೂಲಿನ ಮೇಲೆ ಎದೆಯುಬ್ಬಿಸಿ ಕೂತ. ಯಾರೂ ಮಾತಾಡಿಸಲಿಲ್ಲ. ಸಲೂನಿನವನು ಅಂಗಡಿ ಮುಚ್ಚಿ ಬಂದಿದ್ದ. ಅತ್ತೆ ಎದುರಿನ ಸಾಲಿನಲ್ಲಿ ಕರವಸ್ತ್ರ ಸಿದ್ಧ ಮಾಡಿಕೊಂಡು ಕೂತಿದ್ದರು.

ಕಂತು ಶುರುವಾಯಿತು. ತೆರೆದ ಹಿಂಬಾಗಿಲಿನಿಂದ ಶತ್ರುಗಳು ನುಗ್ಗುತ್ತಾರೆಂದು ನೌಕೆಯವರೆಲ್ಲ ಆಯುಧ ಹಿಡಿದು ನಿಂತಿದ್ದಾರೆ. ಒಳಗೆ ಬಂದವರು ಶತ್ರುಗಳಲ್ಲ. ಸತ್ತೇಹೋದರು ಎಂದು ನಾಯಕ ಹೇಳಿದ್ದ ನೌಕೆಯದೇ ನಲವತ್ತು ಜನ. ಹಸಿದು, ಹಣ್ಣಾಗಿ, ಒಬ್ಬರ ಮೇಲೊಬ್ಬರು ಒರಗಿಕೊಂಡು ಬಂದರು. ತನ್ನ ತಲೆ ಉಳಿಸಿಕೊಳ್ಳಲು ಅವರನ್ನು ಶತ್ರುವಿಗೆ ಮಾರಿದ್ದವನು ನಾಯಕನೇ. ಉಪನಾಯಕ ಎಲ್ಲರ ಮುಂದೆ ನಿಂತು, ದನಿಯಣ್ಣನ ದನಿಯಲ್ಲಿ ಹೇಳಿದ: "ನಾನು ಮುರಿದದ್ದು ಒಬ್ಬನ ಅಪ್ಪಣೆಯನ್ನು. ಅವನು ಮುರಿದದ್ದು ನಲವತ್ತು ಮಂದಿಯ ನಂಬಿಕೆಯನ್ನು. ದ್ರೋಹಿ ಯಾರೆಂದು ನೀವೇ ತೀರ್ಮಾನಿಸಿ."

ಟೈಲರ್ ಅಕ್ಕನೇ ಮೊದಲು ಬಿಕ್ಕಿದಳು. ಅತ್ತೆ ಒಂದು ವಾರದ ಮೇಲೆ ಅಳಿಯನ ಕಡೆ ತಿರುಗಿ, "ಬಂಗಾರದಂಥ ಮಾತು ನಿಮ್ದು," ಎಂದರು. ಕಾರ್ಯದರ್ಶಿ ಎದ್ದು ತಮ್ಮ ಕುರ್ಚಿಯನ್ನೇ ಫ್ಯಾನಿನ ಕೆಳಗೆ ಎಳೆದರು. "ತಾವು ಇಲ್ಲಿ ಬರಬೇಕು."

ದನಿಯಣ್ಣ ಹೋಗಲಿಲ್ಲ. ಸ್ಟೂಲಿನಿಂದೆದ್ದು, ಅಲ್ಲಿಂದಲೇ ಮಾತಾಡಿದ.

"ಒಂದು ತಿಂಗಳು ಈ ಗುಟ್ಟು ಕಾದೆ, ಸ್ವಾಮಿ. ನೀರು ಕೇಳಿದ್ರೆ ಬೈಗುಳ ಕೊಟ್ಟಿರಿ, ಗಡ್ಡಕ್ಕೆ ಹೋದ್ರೆ ಅರ್ಧಕ್ಕೇ ಎಬ್ಬಿಸಿದ್ರಿ. ತುಟಿ ಪಿಟಕ್ಕೆನ್ನಲಿಲ್ಲ ನಾನು. ಯಾಕೆ? ಕೊಟ್ಟ ಮಾತು. ಇನ್ನು ಮುಂದಿನ ಸೀಸನ್ ಪೂರ್ತಿ ಅವನದೇ. ಕಂತು ಕಂತಿಗೂ ಈ ದನಿ ಕೇಳ್ತೀರಿ. ಆಗ ನೆನಪಿಟ್ಕೊಳ್ಳಿ..."

"ಶ್, ರೀ, ಇನ್ನೂ ಮುಗಿದಿಲ್ಲ," ಎಂದಳು ಹೆಂಡತಿ.

ಮುಗಿದಿರಲಿಲ್ಲ. ಇನ್ನು ಮೂರು ನಿಮಿಷ ಉಳಿದಿತ್ತು. ದನಿಯಣ್ಣ ಆ ಮೂರು ನಿಮಿಷವನ್ನು ಎಂದೂ ನೋಡಿರಲಿಲ್ಲ. ಡಬ್ಬಿಂಗ್ ಕೋಣೆಯಲ್ಲಿ ಪೂರ್ತಿ ಕಂತು ಯಾರಿಗೂ ತೋರಿಸುವುದಿಲ್ಲ. ಅವರವರ ಪಾತ್ರದ ಬಾಯಿ ಅಲ್ಲಾಡುವ ತುಣುಕುಗಳನ್ನಷ್ಟೇ ಹಾಕುತ್ತಾರೆ. ಈ ದೃಶ್ಯದಲ್ಲಿ ಉಪನಾಯಕನ ಬಾಯಿ ಅಲ್ಲಾಡಲಿಲ್ಲ.

ಒಬ್ಬ ಮುದುಕ ವೈದ್ಯ ಅವನ ಮುಂದೆ ಕೂತು ಹೇಳುತ್ತಿದ್ದ: ನೌಕೆಯ ಬಾಗಿಲುಗಳು ತೆರೆಯುವುದು ನಿನ್ನ ದನಿಗೆ ಮಾತ್ರ. ಶತ್ರು ನಿನ್ನನ್ನು ಹಿಡಿದು ಹಿಂಸಿಸಿ ಆ ಒಂದು ಮಾತು ಹೊರಡಿಸಿದರೆ ಎಲ್ಲರೂ ಸತ್ತಂತೆ. ಉಪನಾಯಕ ನಲವತ್ತು ಜನ ಮಲಗಿದ್ದ ಕಡೆ ಒಮ್ಮೆ ನೋಡಿದ. ಮೇಜಿನ ಮೇಲಿದ್ದ ನೀಲಿ ದ್ರವದ ಲೋಟವನ್ನೆತ್ತಿ ಗಟಗಟನೆ ಕುಡಿದು, ಗಂಟಲು ಹಿಡಿದುಕೊಂಡು ಕಣ್ಣು ಮುಚ್ಚಿದ. "ಇನ್ನು ಈ ಜನ್ಮದಲ್ಲಿ ನಿನಗೆ ಮಾತಿಲ್ಲ," ಎಂದ ವೈದ್ಯ. ನೌಕೆ ಕತ್ತಲೆಯಲ್ಲಿ ಸಾಗಿತು. ಪರದೆಯ ಮೇಲೆ ಅಕ್ಷರ ಮೂಡಿತು: ಮುಂದಿನ ಸೀಸನ್, 'ಮಾತಿಲ್ಲದ ನಾಯಕ'.

ಕೋಣೆಗೆ ಕೋಣೆಯೇ ಅತ್ತಿತು. ಔಷಧಿ ಅಂಗಡಿಯವರು ಕನ್ನಡಕ ಒರೆಸಿಕೊಂಡರು. "ಇದು, ಇದು ನೋಡಿ ನಿಷ್ಠೆ ಅಂದ್ರೆ."

"ದ್ರೋಹಿ," ಎಂಬ ದನಿ ಚಪ್ಪಲಿಗಳ ಕಡೆಯಿಂದ ಬಂತು.

ಎಲ್ಲರೂ ತಿರುಗಿದರು. ದನಿಯಣ್ಣ ಪರದೆಯತ್ತ ಬೆರಳು ತೋರಿಸಿದ. "ಅವನಿಗೋಸ್ಕರ ಅರ್ಧ ಗಡ್ಡದಲ್ಲಿ ಊರೆಲ್ಲ ತಿರುಗಿದೆ ನಾನು. ಕುಡಿಯೋ ಮುಂಚೆ ನನ್ನನ್ನ ಒಂದು ಮಾತು ಕೇಳಬೇಕಾಗಿತ್ತೋ ಬೇಡವೋ? ದ್ರೋಹಿ. ಕೃತಘ್ನ."

ಕಾರ್ಯದರ್ಶಿ ಕುರ್ಚಿಯನ್ನು ಫ್ಯಾನಿನ ಕೆಳಗಿನಿಂದ ಹಿಂದಕ್ಕೆ ಎಳೆದುಕೊಂಡರು. "ಅಂಥ ಮಹಾನುಭಾವರನ್ನ ಹೀಗನ್ನೋರಿಗೆ ಈ ಮನೇಲಿ ಸ್ಟೂಲೂ ಇಲ್ಲ." ಸಲೂನಿನವನು ಎದ್ದು ಬಾಗಿಲು ತೆರೆದು ಹಿಡಿದ. ಅತ್ತೆ ಮತ್ತೆ ಗೋಡೆಯ ಕಡೆ ತಿರುಗಿದರು.

ಮೆಟ್ಟಿಲ ಮೇಲೆ ನಿಂತು ದನಿಯಣ್ಣ ಮೇಲ್ವಿಚಾರಕನಿಗೆ ಫೋನು ಮಾಡಿದ.

"ಇದ್ದಾನೆ ಅಂದ್ರಲ್ಲ."

"ಇದ್ದಾನಲ್ಲ. ಕಂತು ಕಂತಿಗೂ ಇದ್ದಾನೆ."

"ಒಂದು ಮಾತೂ ಇಲ್ವಾ?"

ಕಾಗದ ತಿರುವುವ ಸದ್ದಾಯಿತು. "ಏಳನೇ ಕಂತಿನಲ್ಲಿ ಒಂದು ಕೆಮ್ಮಿದೆ. ಚಿಕ್ಕದು. ನಿಮಗೇ ಇಟ್ಟಿದೀನಿ, ಬೇರೆಯವರೂ ಕೇಳ್ತಿದ್ರು."

"ನಾನು ಕೆಮ್ಮಲ್ಲ," ಎಂದ ದನಿಯಣ್ಣ, ಇಡೀ ಕಟ್ಟಡಕ್ಕೆ ಕೇಳುವಂತೆ. "ಅವನಿಗೆ ಹೋಗಿ ಹೇಳಿ. ಏನೇ ಆಗಲಿ, ನಾನು ಕೆಮ್ಮಲ್ಲ."

ಅಷ್ಟು ಜೋರಾಗಿ ಕೂಗಿದ್ದಕ್ಕೋ ಏನೋ, ಅದೇ ಗಳಿಗೆಯಲ್ಲಿ ಅವನ ಗಂಟಲು ಕೆರೆಯತೊಡಗಿತು. ದನಿಯಣ್ಣ ಕಂಬಿಯನ್ನು ಬಲವಾಗಿ ಹಿಡಿದುಕೊಂಡ. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು. ತುಟಿ ಮಾತ್ರ ಬಿಚ್ಚಲಿಲ್ಲ.