ಅತ್ತೆಯ ಮಾತು ಮತ್ತು ಗಾಜಿನ ದಾರ

ಮನೆಗೆ ಬರುವ ಪದಾರ್ಥ ಎಲ್ಲಿಂದ ಬರುತ್ತದೆ ಎಂದು ತಿಳಿಯದೆ ಒಳಗೆ ಸೇರಿಸುವ ಅಭ್ಯಾಸ ನನಗಿಲ್ಲ. ಹಾಲು ಯಾರ ಮನೆ ಹಸುವಿನದು, ಟೊಮೇಟೊ ಉದ್ದನಪಲ್ಲಿ ಕಡೆಯದೋ ರಾಯಕೋಟೆ ಕಡೆಯದೋ, ನೀರಿನ ಟ್ಯಾಂಕರು ಯಾವ ಬೋರ್‌ವೆಲ್ಲಿನಲ್ಲಿ ತುಂಬಿಕೊಂಡು ಬಂತು, ಎಲ್ಲ ಕೇಳಿಯೇ ಪಾತ್ರೆ ಹಿಡಿಯುತ್ತೇನೆ. ಈಗೀಗ ಟ್ಯಾಂಕರಿನವನು ನನ್ನನ್ನು ಕಂಡರೆ ಕೇಳುವ ಮೊದಲೇ ಊರ ಹೆಸರು ಹೇಳಿಬಿಡುತ್ತಾನೆ. ಇಂಥ ನಾನು ಇಂಟರ್ನೆಟ್ಟು ಮಾತ್ರ ಎಲ್ಲಿಂದ ಬರುತ್ತದೆಂದು ಐವತ್ತೆರಡು ವರ್ಷ ತುಂಬುವವರೆಗೆ ಯಾರನ್ನೂ ಕೇಳಲಿಲ್ಲ. ಫೋನಿನೊಳಗೆ ಇದ್ದರೆ ಇರುತ್ತದೆ, ಇಲ್ಲದಿದ್ದರೆ ಇಲ್ಲ ಎಂದುಕೊಂಡಿದ್ದೆ.

ಕೇಳಬೇಕಾಗಿ ಬಂದದ್ದು ನಮ್ಮ ಅತ್ತೆಯಿಂದ. ಉದ್ದನಪಲ್ಲಿಯಲ್ಲಿ ಬಸ್ಸು ಹತ್ತಿದರೆ ಹೊಸೂರು ಬರುವಷ್ಟರಲ್ಲಿ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಮಾತಾಡಿ ಎರಡು ಮದುವೆ ಕುದುರಿಸಿ ಇಳಿಯುತ್ತಿದ್ದ ಹೆಂಗಸು. ಸಂಕ್ರಾಂತಿ ಕಳೆದ ವಾರ ಅವರಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಸೋತವು. ಮಾತು ಪೂರ್ತಿ ನಿಂತಿತು. ಕೈಕಾಲಿಗೆ ವ್ಯಾಯಾಮ ಮಾಡಿಸುವವರು ಹೊಸೂರಿನಲ್ಲೇ ಇದ್ದರು. ಮಾತು ಕಲಿಸಲು, ಅದೂ ಕನ್ನಡದಲ್ಲಿ, ಬೆಂಗಳೂರಿನ ಒಬ್ಬ ಮೇಡಂ ಒಪ್ಪಿದರು. ವಾರಕ್ಕೆ ಮೂರು ದಿನ, ಬೆಳಿಗ್ಗೆ ಹನ್ನೊಂದಕ್ಕೆ, ವಿಡಿಯೊದಲ್ಲಿ. "ಮೊದಲ ಕೆಲವು ತಿಂಗಳು ಬಹಳ ಮುಖ್ಯ, ಬಿಡಬೇಡಿ" ಎಂದು ಮೊದಲೇ ಎಚ್ಚರಿಸಿದ್ದರು.

ನನ್ನ ಫೋನಿನಲ್ಲೇ ಪಾಠ ಶುರುವಾಯಿತು. ಮೇಡಂ "ಅಜ್ಜೀ, ಬಾಯಿ ಅಗಲ ಮಾಡಿ, ಆ..." ಎಂದರು. ಅತ್ತೆ ಬಾಯಿ ತೆರೆದರು. ಅಷ್ಟರಲ್ಲಿ ಮೇಡಂ ಬಾಯಿ ತೆರೆದಂತೆಯೇ ಪಟದ ಹಾಗೆ ನಿಂತುಬಿಟ್ಟರು. ಅತ್ತೆ ವಿಧೇಯ ವಿದ್ಯಾರ್ಥಿನಿ. ಗುರುಗಳು ಮುಚ್ಚುವವರೆಗೆ ತಾವೂ ಮುಚ್ಚಲಿಲ್ಲ. ನಾನು ಸೆರಗಿನಿಂದ ಅವರ ಗಲ್ಲ ಒರೆಸುತ್ತ ಕೂತೆ. ಮೂರು ಪಾಠ ಹೀಗೇ ಆದ ಮೇಲೆ ಮೇಡಂ ಫೋನ್ ಮಾಡಿದರು. "ನನ್ನ ತುಟಿ ಅವರಿಗೆ ಕಾಣ್ಬೇಕು, ಅವರದ್ದು ನನಗೆ ಕಾಣ್ಬೇಕು. ಒಳ್ಳೆ ಲೈನ್ ಹಾಕಿಸ್ಕೊಳ್ಳಿ, ಇಲ್ಲಾಂದ್ರೆ ಇಲ್ಲಿಗೇ ಕರ್ಕೊಂಡು ಬನ್ನಿ." ಅತ್ತಿಬೆಲೆ ದಾಟಿ, ಆ ಲಾರಿಗಳ ನಡುವೆ, ಹೆಚ್ಚು ಹೊತ್ತು ಕೂರಲಾರದ ಮುದುಕಿಯನ್ನು ವಾರಕ್ಕೆ ಮೂರು ಸಲ ಕರೆದೊಯ್ಯುವುದು ಆಗದ ಮಾತು. ಲೈನೇ ಗತಿ.

ಯಾವ ಲೈನು? ಹೊಸೂರಿನ ನಮ್ಮ ಅವಲಪಲ್ಲಿಗೆಲ್ಲ ತಂತಿ ಎಳೆಯುವ ಮುನಿರಾಜುವನ್ನು ಕೂರಿಸಿ ಕಾಫಿ ಕೊಟ್ಟು ಕೇಳಿದೆ. ಅವನು ಮೂರು ಭಾಷೆಯಲ್ಲಿ ವಿವರಿಸಿದ. ನನಗೆ ಮೂರರಲ್ಲೂ ಅರ್ಥವಾಗಲಿಲ್ಲ. "ನೀರಿನ ಲೆಕ್ಕದಲ್ಲಿ ಹೇಳಪ್ಪ" ಎಂದೆ.

"ಹಂಗಾದ್ರೆ ಕೇಳಕ್ಕಾ. ಫೋನಿಂದು ಪಕ್ಕದ್ಮನೆಯಿಂದ ಬಿಂದಿಗೇಲಿ ತಂದಂಗೆ. ಹಳೇ ಟೆಲಿಫೋನ್ ತಂತಿ, ತುಕ್ಕು ಹಿಡಿದ ಪೈಪು. ಬತ್ತದೆ, ಆದ್ರೆ ಸಣ್ಣಗೆ ಬತ್ತದೆ. ಟೀವಿ ಕೇಬಲ್‌ನಾಗೆ ಬರೋದು ಬೀದಿ ನಲ್ಲಿ. ಎಲ್ರೂ ಒಟ್ಟಿಗೆ ತಿರುಗಿಸಿದ್ರೆ ನಿಮಗೆ ಬರೀ ಹನಿ. ಇನ್ನು ಮಾಳಿಗೆ ಮ್ಯಾಲೆ ಡಬ್ಬ ಇಟ್ಟು ಗಾಳೀಲಿ ಹಿಡಿಯೋದು ಒಂದೈತೆ. ಟವರ್ ಎದುರಿಗಿದ್ರೆ ಮಳೆನೀರಿನಂಗೆ ಸುರೀತದೆ, ಮಧ್ಯೆ ಯಾರಾದ್ರೂ ಮನೆ ಎತ್ತರಿಸಿದ್ರೋ, ಮುಗೀತು. ಫೈಬರ್ ಅಂದ್ರೆ ಸೀದಾ ಬೋರ್‌ವೆಲ್ಲಿಂದ ನಿಮ್ಮನೆ ತೊಟ್ಟಿಗೆ. ಒಳಗೆ ಕೂದಲಂಥ ಗಾಜಿನ ಎಳೆ, ಅದ್ರಾಗೆ ಬೆಳಕು ಓಡ್ತದೆ."

ಬೆಳಕು ಓಡಿ ಬಂದು ಅತ್ತೆಗೆ ಮಾತು ಕಲಿಸುತ್ತದೆ ಎಂಬುದು ನನಗೆ ಬಹಳ ಹಿಡಿಸಿತು. ಫೈಬರೇ ಬಂತು. ಮುಂಬಾಗಿಲ ಮೇಲಿಂದ ತೆಳ್ಳನೆಯ ಹಳದಿ ತಂತಿ ಒಳಗೆ ಇಳಿದು ದೀಪ ಮಿನುಗುವ ಒಂದು ಡಬ್ಬ ಸೇರಿತು. ಯಜಮಾನರ ಲ್ಯಾಪ್‌ಟಾಪಿನಲ್ಲಿ ಮೇಡಂ ಕಣ್ಣು ಮಿಟುಕಿಸುವುದೂ ಕಾಣುತ್ತಿತ್ತು. ಎರಡು ವಾರದಲ್ಲಿ ಅತ್ತೆ ತುಟಿ ಕೂಡಿಸಿ "ಮ್" ಎಂದರು. ಯಜಮಾನರು ಫ್ಯಾಕ್ಟರಿಯಲ್ಲಿ ಸಿಹಿ ಹಂಚಿ ಬಂದರು.

ಆಮೇಲೆ ಯುಗಾದಿ ಬಂತು. ಮನೆಯನ್ನೆಲ್ಲ ಒರೆಸಿ ತೊಳೆದು ಬಾಗಿಲಿಗೆ ತೋರಣ ಕಟ್ಟಲು ಸ್ಟೂಲು ಹತ್ತಿದೆ. ಆ ಹಳದಿ ತಂತಿಯನ್ನು ಮುನಿರಾಜು ಸಡಿಲವಾಗಿ ಸುತ್ತಿ ಜೋತುಬಿಟ್ಟಿದ್ದ. ಜೋತಾಡುವ ವಸ್ತು ಕಂಡರೆ ನನಗೆ ಊಟ ಸೇರುವುದಿಲ್ಲ. ಅದನ್ನು ನಾಲ್ಕು ಮಡಿಕೆ ಮಾಡಿ, ತೋರಣದ ಮೊಳೆಗೇ ಹುರಿದಾರದಿಂದ ಬಿಗಿದು, ಮೇಲೆ ಮಾವಿನೆಲೆ ಮುಚ್ಚಿ ಕೆಳಗಿಳಿದೆ. ಅಂದವಾಗಿತ್ತು. ಎದುರು ಕುರ್ಚಿಯಲ್ಲಿದ್ದ ಅತ್ತೆಯೂ ನೋಡುತ್ತಿದ್ದರು.

ಮಾರನೆಯ ದಿನ ಹನ್ನೊಂದಕ್ಕೆ ಲೈನಿಲ್ಲ. ಡಬ್ಬದಲ್ಲಿ ಕೆಂಪು ದೀಪ. ಮತ್ತೆ ಫೋನು, ಮತ್ತೆ ತೆರೆದ ಬಾಯಿ. ಕಂಪನಿಗೆ ಫೋನ್ ಮಾಡಿ, ನನ್ನ ಮುರುಕು ತಮಿಳಿನಲ್ಲಿ, ಒಬ್ಬ ಮುದುಕಿಯ ಮಾತು ಕಿತ್ತುಕೊಂಡ ಪಾಪ ನಿಮಗೆ ತಟ್ಟುತ್ತದೆ ಎಂದೆ. ದಿನಾ ಹೇಳಿದೆ. ಅತ್ತೆ ಎಡಗೈ ಎತ್ತಿ ಬಾಗಿಲ ಕಡೆ ತೋರಿಸುತ್ತಿದ್ದರು. ಪಾಪ, ಹೊರಗಿನ ಗಾಳಿ ಬೇಕೇನೋ ಎಂದು ಗಾಲಿಕುರ್ಚಿ ತಳ್ಳಿಕೊಂಡು ಬೀದಿಯ ಕೊನೆಯವರೆಗೆ ಹೋಗಿಬಂದೆ. ಬಂದ ಮೇಲೂ ತೋರಿಸಿದರು. ಇನ್ನೊಂದು ಸುತ್ತು ಹೋದೆ. ಎದುರುಮನೆ ಸರೋಜಮ್ಮ "ಸೊಸೆ ಅಂದ್ರೆ ನೀನೇ ಕಣಮ್ಮ" ಎಂದರು. ನಾನು ತಲೆ ತಗ್ಗಿಸಿ ಒಪ್ಪಿಕೊಂಡೆ. ನಾಲ್ಕನೆಯ ದಿನ ಅತ್ತೆ ಫೋನು ಕಂಡೊಡನೆ ಮುಖ ತಿರುಗಿಸಿ, ಬಾಯಿ ಬಿಗಿದು ಕೂತರು. ಯಜಮಾನರು ಕೆಲಸಕ್ಕೆ ಹೊರಡುತ್ತ, ಬೂಟಿನ ದಾರ ಹಿಡಿದುಕೊಂಡೇ, "ಅಮ್ಮ ಇನ್ನು ಮಾತಾಡಲ್ವೇನೋ ಕಣೆ" ಎಂದರು.

ಐದನೆಯ ದಿನ, ಯಜಮಾನರು ರಜೆಯಲ್ಲಿ ಮನೆಯಲ್ಲಿದ್ದಾಗ, ಪಾಠದ ಹೊತ್ತಿಗೆ ಸರಿಯಾಗಿ ಮುನಿರಾಜು ಬಂದ. ಪೆನ್ನಿನಂಥದೊಂದನ್ನು ತಂತಿಯ ತುದಿಗೆ ಸಿಕ್ಕಿಸಿ ಕೆಂಪು ಬೆಳಕು ಬಿಟ್ಟ. ಬಾಗಿಲ ಮೇಲೆ, ಒಣಗಿದ ಮಾವಿನೆಲೆಗಳ ಸಂದಿಯಲ್ಲಿ, ಕೆಂಡದ ಹಾಗೆ ಹೊಳೆಯಿತು. ಎಲೆ ಕಿತ್ತು, ಮುರಿದ ಕಡೆ ಕತ್ತರಿಸಿ ಜೋಡಿಸಿದ. ಡಬ್ಬದ ದೀಪ ಹಸಿರಾಯಿತು, ಲ್ಯಾಪ್‌ಟಾಪಿನಲ್ಲಿ ಮೇಡಂ ಕಾಣಿಸಿಕೊಂಡರು. ಆಗ ಅವನು ಹುರಿದಾರದ ಗಂಟು ಎತ್ತಿ ಹಿಡಿದು, ಯಜಮಾನರ ಎದುರಿಗೇ ಕೇಳಿದ: "ಗಾಜನ್ನ ಯಾರಾದ್ರೂ ಮಡಿಸ್ತಾರಾ? ಯಾರಕ್ಕಾ ಇದನ್ನ ಹಿಂಗೆ ಕಟ್ಟಿದ್ದು?"

ಐದು ದಿನ ಕಂಪನಿಯನ್ನು ಶಪಿಸಿದ ಬಾಯಿ ಅದು. ನಿಜ ಹೇಳಲು ನಾಲಗೆ ಹೊರಳಲಿಲ್ಲ. "ಅಳಿಲಿರಬೇಕಪ್ಪ" ಎಂದೆ.

"ಅಳಿಲು ಗಂಟು ಹಾಕ್ತದಾ?"

ನಾನು ಕೆಳಗೆ ಬಿದ್ದ ಮಾವಿನೆಲೆ ಆಯತೊಡಗಿದೆ. ಆಗ ಕುರ್ಚಿಯಿಂದ, ದಪ್ಪಗೆ, ನಿಧಾನವಾಗಿ, ಆದರೆ ಯಾರಿಗೂ ಅನುಮಾನ ಉಳಿಯದ ಹಾಗೆ ಧ್ವನಿ ಬಂತು.

"ಇವ್ಳೇ. ಇವ್ಳೇ ಕಟ್ಟಿದ್ದು."

ಎಡಗೈ ಬೆರಳು ನೇರ ನನ್ನ ಕಡೆ ಇತ್ತು. ಯಜಮಾನರು ಅಮ್ಮನ ಕಾಲ ಬಳಿ ಕುಸಿದು ಕೂತು ಅತ್ತುಬಿಟ್ಟರು. ನನಗೂ ಅಳು ಬಂತು, ಎಷ್ಟು ಸಂತೋಷಕ್ಕೆ, ಎಷ್ಟು ನಾಚಿಕೆಗೆ ಎಂದು ಬೇರೆ ಮಾಡಿ ನೋಡಲಿಲ್ಲ. ಮೇಡಂ ಅಲ್ಲಿಂದಲೇ ಚಪ್ಪಾಳೆ ತಟ್ಟಿದರು. "ಪೂರ್ತಿ ವಾಕ್ಯ! ಸಿಕ್ಕಿದ್ದನ್ನ ಬಿಡಬಾರದು. ಇದನ್ನೇ ದಿನಾ ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ ಹೇಳಿಸಿ" ಎಂದರು. ಯಜಮಾನರಿಗೆ ಶಿಫ್ಟು, ಅವರಿಗೆ ಪುರುಸೊತ್ತಿಲ್ಲ. ಎದುರಿಗೆ ಕೂತು, ತಪ್ಪಿದರೆ ತಿದ್ದಿ, ಚೆನ್ನಾಗಿ ಹೇಳಿದರೆ ಭೇಷ್ ಎಂದು, ದಿನಕ್ಕೆ ಇಪ್ಪತ್ತು ಸಲ ಹೇಳಿಸುತ್ತಿರುವವಳು ನಾನೇ.