ಮೊಟ್ಟೆ ಚೆಂಡೂ ಮಿಲಿಟರಿ ಟೆಸ್ಟೂ

ನನ್ನನ್ನು ಹೆದರುಪುಕ್ಕಲಿ ಅಂತ ಯಾರು ಬೇಕಾದರೂ ಕರೀಲಿ, ನಂಗೇನೂ ಬೇಜಾರಿಲ್ಲ. ಹೆದರೋರ ಮನೆ ವಿಳಾಸ ಹುಡುಕಿಕೊಂಡೇ ಹೆದರಿಸೋ ಸಂಗತಿಗಳು ಬರೋದು. ಮೈಸೂರಿಂದ ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾಕ್ಕೆ ಬಂದು ಇಪ್ಪತ್ತು ವರ್ಷ ಆಯ್ತು. ಟೆಲಿಕಾಂ ಆಫೀಸಲ್ಲಿ ದಿನವಿಡೀ ಸಾಫ್ಟ್‌ವೇರಿನ ತಪ್ಪು ಹುಡುಕೋದು ನನ್ನ ಕೆಲಸ. ಮನೇಲಿ ಏನೇನು ಅನಾಹುತ ಆಗಬಹುದು ಅಂತ ಹುಡುಕೋದು ನನ್ನ ಸ್ವಭಾವ. ಇರೋನು ಒಬ್ಬನೇ ಮಗ. ಅವನು ಕೈಕಾಲು ನೆಟ್ಟಗಿಟ್ಟುಕೊಂಡು ಮನೆ ಸೇರಬೇಕು, ನಂಗೆ ಬೇಕಾಗಿರೋದು ಅಷ್ಟೇ.

೧. ಬಿಳಿ ಕೋಟಿನವರು

ಮಗ ಹದಿನಾರನೇ ವಯಸ್ಸಿಗೆ ಆಸ್ಟ್ರೇಲಿಯನ್ ಫುಟ್‌ಬಾಲ್ ಶುರು ಮಾಡಿದ. ಫುಟ್‌ಬಾಲ್ ತಾನೆ ಅಂದುಕೊಂಡು ಮೊದಲ ಮ್ಯಾಚಿಗೆ ಹೋದೆ. ನೋಡಿದರೆ ಚೆಂಡು ಮೊಟ್ಟೆ ಆಕಾರದಲ್ಲಿದೆ! ಕಾಲಲ್ಲಿ ಒದೀತಾರೆ, ಕೈಯಲ್ಲಿ ಹಿಡೀತಾರೆ, ಹಿಡಿದವನ ಮೇಲೆ ಬೀಳ್ತಾರೆ. ಹೆಲ್ಮೆಟ್ ಇಲ್ಲ, ಪ್ಯಾಡ್ ಇಲ್ಲ. ಯಾವನೋ ಒಬ್ಬ ನನ್ನ ಮಗನ ಹೆಗಲಿಗೆ ಮಂಡಿ ಕೊಟ್ಟು ಮೇಲಕ್ಕೆ ಹಾರಿ ಚೆಂಡು ಹಿಡಿದ. ಅದಕ್ಕೆ ಜನ ಚಪ್ಪಾಳೆ ಬೇರೆ.

ಗೋಲಿನ ಕಂಬಗಳ ಹತ್ತಿರ ಬಿಳಿ ಕೋಟು ಹಾಕಿಕೊಂಡು ಒಬ್ಬರು ನಿಂತಿದ್ದರು. ಸದ್ಯ, ಡಾಕ್ಟರನ್ನಾದರೂ ಇಟ್ಟಿದ್ದಾರಲ್ಲ ಅಂತ ಅವರ ಹತ್ತಿರ ಓಡಿದೆ. ಮಗನಿಗೆ ಧೂಳಾಗಲ್ಲ, ಚಿಕ್ಕವನಿದ್ದಾಗ ಎಡಗೈ ಮುರಿದಿತ್ತು, ಎಲ್ಲಾ ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ಪಾಪ ನನ್ನ ಕಡೆ ತಿರುಗಿ ತಲೆಯಾಡಿಸುತ್ತಾ ಕೇಳಿಸಿಕೊಂಡರು.

ಮ್ಯಾಚ್ ಮುಗಿದ ಮೇಲೆ ಮಗ ಮುಖ ಊದಿಸಿಕೊಂಡು ಬಂದ. "ಅಮ್ಮ, ಅವರು ಡಾಕ್ಟರಲ್ಲ, ಗೋಲ್ ಆಯ್ತೋ ಇಲ್ವೋ ಅಂತ ಹೇಳೋ ಗೋಲ್ ಅಂಪೈರ್. ನೀನು ಅವರನ್ನ ಮಾತಾಡಿಸ್ತಾ ಇದ್ದಾಗ ನಾನೊಂದು ಗೋಲ್ ಹೊಡೆದೆ. ಎಲ್ಲರೂ ನೋಡಿದ್ರು, ಅವರೊಬ್ಬರು ನೋಡ್ಲಿಲ್ಲ."

೨. ಒಳ್ಳೆ ಮಾರ್ಕ್ಸು

ಹದಿನೆಂಟು ತುಂಬೋ ವರ್ಷ ಅವನು ಲ್ಯಾಪ್‌ಟಾಪಲ್ಲಿ ಏನೋ ತುಂಬುತ್ತಾ ಕೂತಿದ್ದ. "ಎಲ್ಲರೂ ತುಂಬಬೇಕು, ಸರ್ಕಾರದ್ದು" ಅಂದ. ಊರಿನ ಮುನ್ಸಿಪಾಲಿಟಿಯವರ ಸರ್ವೆ ಇರಬೇಕು ಅಂತ ನಾನೂ ಪಕ್ಕ ಕೂತೆ. ಆರೋಗ್ಯ ಹೇಗಿದೆ? ಅವನು 'ಪರವಾಗಿಲ್ಲ' ಅಂತ ಒತ್ತೋಕೆ ಹೋದ. ಕೈ ಹಿಡಿದುಕೊಂಡೆ. "ಅರ್ಜಿ ಅಂದ್ರೆ ಚೆನ್ನಾಗಿ ತುಂಬಬೇಕು ಕಣೋ, 'ಅತ್ಯುತ್ತಮ' ಹಾಕು." ಕಷ್ಟ ತಡ್ಕೋತೀಯಾ? ಅತ್ಯುತ್ತಮ. ಚಳಿಯಲ್ಲಿ ಹೊರಗೆ ಇರ್ತೀಯಾ? ಅತ್ಯುತ್ತಮ. ಮಗಂದು ಕಡಿಮೆ ಅಂತ ಹಾಕಿಸೋಕೆ ಯಾವ ತಾಯಿಗೆ ಮನಸ್ಸು ಬರುತ್ತೆ ಹೇಳಿ?

ಆಮೇಲೊಂದು ದಿನ 'ಟೆಸ್ಟ್ ಇದೆ' ಅಂತ ಹೇಳಿ ಹೋದ. ಯಾವ ಟೆಸ್ಟು ಅಂತ ಹೇಳಿದರೆ ನಾನು ನಿದ್ದೆ ಮಾಡಲ್ಲ ಅಂತ ಅವನಿಗೆ ಗೊತ್ತು. ಒಂಬತ್ತಕ್ಕೆ ಎಂಟು ಬಂತು. ನಾನು ಮೈಸೂರುಪಾಕ್ ಮಾಡಿ ಊರಲ್ಲಿರೋ ನಾಲ್ಕೂ ಕನ್ನಡದವರ ಮನೆಗೆ ಹಂಚೋಕೆ ಹೊರಟೆ.

ಕೊನೇ ಮನೇಲಿ ಒಬ್ಬರು ರಿಸರ್ಚ್ ಮಾಡೋರು ಇದ್ದಾರೆ. ಅವರು ಒಂದು ತುಂಡು ಬಾಯಿಗೆ ಹಾಕಿಕೊಂಡು, "ಗಟ್ಟಿಗಿತ್ತಿ ಅಕ್ಕ ನೀವು! ಆ ಟೆಸ್ಟಲ್ಲಿ ನಮ್ಮ ಮಗಳಿಗೆ ಮೂರೇ ಬಂತು, ಮನೇಲೇ ಇದ್ದಾಳೆ. ನಿಮ್ಮ ಹುಡುಗ ಹನ್ನೊಂದು ತಿಂಗಳು ಕಡ್ಡಾಯ ಮಿಲಿಟರಿ ಸೇವೆಗೆ ಗ್ಯಾರಂಟಿ" ಅಂದರು.

ನಾನು ಮೈಸೂರುಪಾಕಿನ ಡಬ್ಬಿ ವಾಪಸ್ ಕಿತ್ತುಕೊಂಡು ಬಂದೆ.

೩. ಇಂಟರ್‌ವ್ಯೂ

ಮಿಲಿಟರಿಯವರು ಸಂದರ್ಶನದಲ್ಲಿ ಅವನನ್ನು ಕೇಳಿದರಂತೆ: "ನಿನಗೆ ಯಾವುದಕ್ಕೆ ಭಯ?"

ಅದಕ್ಕೆ ನನ್ನ ಮಗ ಹೇಳಿದ್ದು: "ಗೊತ್ತಿಲ್ಲ. ನಮ್ಮನೇಲಿ ಎಲ್ಲದಕ್ಕೂ ಅಮ್ಮನೇ ಮೊದಲು ಹೆದರಿಬಿಡ್ತಾಳೆ. ನಂಗೆ ಇನ್ನೂ ಚಾನ್ಸ್ ಸಿಕ್ಕಿಲ್ಲ."

ತಕ್ಷಣ ಆಯ್ಕೆ ಮಾಡಿಕೊಂಡುಬಿಟ್ಟರು.

೪. ಫೈನಲ್

ಬೇಸಿಗೆಯಲ್ಲಿ ಮಿಲಿಟರಿಗೆ ಸೇರಿದ. ಸಮುದ್ರದ ಆಚೆ ನಿಜವಾದ ಯುದ್ಧ ನಡೀತಿದೆ. ಟಿವಿ ಹಾಕಿದ ಕೂಡಲೇ ಆರಿಸಿಬಿಡ್ತಿದ್ದೆ. ಒಂದು ಬುಧವಾರ ಫೋನ್ ಮಾಡಿ, "ಅಮ್ಮ, ನಾಲ್ಕು ದಿನ ಫೋನ್ ಇರಲ್ಲ. ಎಲ್ಲಿಗೆ ಹೋಗ್ತೀವಿ ಅಂತ ಹೇಳೋ ಹಾಗಿಲ್ಲ" ಅಂತ ಇಟ್ಟುಬಿಟ್ಟ. ಯುದ್ಧಕ್ಕೇ ಕಳಿಸಿಬಿಟ್ಟರು ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಮೂರು ದಿನ ಅನ್ನ ಸೇರಲಿಲ್ಲ. ಯೂನಿಫಾರ್ಮಿನವರು ಯಾರಾದರೂ ಸುದ್ದಿ ಹೇಳೋಕೆ ಬಂದಾರು ಅಂತ ಬೆಲ್ ಆದರೂ ಬಾಗಿಲು ತೆಗೀತಿರಲಿಲ್ಲ. ನಿಜ ಹೇಳ್ತೀನಿ, ಅಂಥ ಭಯ ನನ್ನ ಶತ್ರುವಿಗೂ ಬೇಡ.

ಶನಿವಾರ ಅವನ ತಂಡದ ಫೈನಲ್ ಇತ್ತು. ಅವನಿಲ್ಲದೆ ಒಬ್ಬ ಆಟಗಾರ ಕಡಿಮೆ. ಮನೇಲಿ ಒಬ್ಬಳೇ ಕೂತರೆ ಹುಚ್ಚು ಹಿಡಿಯುತ್ತೆ ಅಂತ ಹುಡುಗರಿಗೆ ಕಿತ್ತಳೆ ಹೆಚ್ಚಿಕೊಂಡು ನಾನೂ ಹೋದೆ.

ಆಟದ ಮಧ್ಯೆ ಯಾರೋ ಬೀಸಿ ಒದ್ದ ಚೆಂಡು ಗೆರೆ ದಾಟಿ, ಕಾಡಿನ ಅಂಚಿನ ಪೊದೆಗಳ ಕಡೆ ಹಾರಿತು. ಆಗ ಒಂದು ಪೊದೆ ಎದ್ದು ನಿಂತಿತು! ಎರಡು ಹೆಜ್ಜೆ ಓಡಿ, ಮೇಲಕ್ಕೆ ಜಿಗಿದು, ಎರಡೂ ಕೈಯಲ್ಲಿ ಚೆಂಡು ಹಿಡಿಯಿತು. ಹಾಗೆ ಹಿಡಿಯೋನು ಈ ಊರಲ್ಲಿ ಒಬ್ಬನೇ.

"ಅಯ್ಯೋ, ನನ್ನ ಕಂದಾ!" ಅಂತ ಓಡಿದೆ.

"ಅಮ್ಮ, ಹೋಗು, ನಾನು ಇಲ್ಲಿಲ್ಲ" ಅಂತು ಪೊದೆ.

ಅಷ್ಟರಲ್ಲಿ ಮರದ ಹಿಂದಿನಿಂದ ಒಬ್ಬ ಆಫೀಸರ್ ನೋಟ್‌ಬುಕ್ ಹಿಡಿದು ಬಂದರು. ಮೂರು ದಿನದಿಂದ ಅಲ್ಲೇ ಅಡಗಿ ಕೂರೋ ಅಭ್ಯಾಸ ನಡೀತಿತ್ತಂತೆ, ನಮ್ಮ ಮನೆಯಿಂದ ಎರಡು ಬಸ್ ಸ್ಟಾಪ್ ದೂರದಲ್ಲಿ! "ಶತ್ರುವಿಗೆ ಕಾಣಿಸಿಕೊಂಡೆ" ಅಂದರು ಮಗನಿಗೆ. "ನೀನು ಸತ್ತೆ."

ನಾನು ಅವರ ತೋಳು ಹಿಡಿದುಕೊಂಡೆ. "ಬಿಡ್ತು ಅನ್ನಿ!"

ಅವರು ಕಣ್ಣು ಕಣ್ಣು ಬಿಟ್ಟರು. ಮುಖಕ್ಕೆಲ್ಲ ಹಸಿರು ಬಳಿದುಕೊಂಡಿದ್ದ ಮಗ ತಲೆ ತಗ್ಗಿಸಿ ಸ್ವೀಡಿಷಿನಲ್ಲಿ ವಿವರಿಸಿದ: ಅಂಥ ಕೆಟ್ಟ ಮಾತು ಬಾಯಿಂದ ಬಂದರೆ ನಮ್ಮಲ್ಲಿ ಈ ಮಾತು ಹೇಳಿ ವಾಪಸ್ ತಗೋಬೇಕು, ಇಲ್ಲದಿದ್ದರೆ ಅಮ್ಮ ತೋಳು ಬಿಡಲ್ಲ.

"ಬಿಡ್ತು" ಅಂದರು ಆಫೀಸರ್.

"ಸರಿಯಾಗಿ."

"ಬಿಡ್ತು!"

ನಾನು ಅಲ್ಲೇ ಹುಲ್ಲಿನ ಮೇಲೆ ಕೂತು ಗೊಳೋ ಅಂತ ಅತ್ತೆ. ಮೂರು ದಿನದ ಭಯವೆಲ್ಲ ಆಗ ಹೊರಗೆ ಬಂತು. ಆಫೀಸರೂ ಪಾಪ ಪಕ್ಕದಲ್ಲೇ ಕೂತರು. ಒಂದು ಹೋಳು ಕಿತ್ತಳೆ ಕೊಟ್ಟೆ.

ಕೋಚ್ ಓಡಿ ಬಂದು, "ಸತ್ತವನಿಗೆ ಇವತ್ತು ಬೇರೆ ಕೆಲಸ ಇದೆಯಾ?" ಅಂತ ಆಫೀಸರನ್ನ ಕೇಳಿದ. ಅವರು ನೋಟ್‌ಬುಕ್ ತಿರುವಿ ಹಾಕಿ, ಸತ್ತವರಿಗೆ ಸಂಜೆವರೆಗೆ ಏನೂ ಕೆಲಸವಿಲ್ಲ ಅಂದರು. ಮಗ ಎಲೆ ಸೊಪ್ಪೆಲ್ಲ ಕಿತ್ತೆಸೆದು ಮೈದಾನಕ್ಕೆ ಓಡಿದ.

ಹೋದವನೇ ಚೆಂಡು ಹಿಡಿದ. ಹಿಡಿದ ಕೂಡಲೇ ಐದು ಜನ ಒಟ್ಟಿಗೆ ಅವನ ಮೇಲೆ ಬಿದ್ದರು. ನನ್ನ ಪಕ್ಕದಲ್ಲಿ ಕಿತ್ತಳೆ ತಿನ್ನುತ್ತಿದ್ದ ಆಫೀಸರ್ ಗಾಬರಿಯಿಂದ ಎದ್ದು ನಿಂತು, "ಅಯ್ಯೋ ದೇವರೇ, ಸತ್ತ!" ಅಂತ ಕೂಗಿದರು.

ಮರುಕ್ಷಣ ನನ್ನ ಕಡೆ ತಿರುಗಿ, ತೋಳು ಹಿಂದಕ್ಕೆ ಎಳೆದುಕೊಂಡು, ತಾವಾಗಿಯೇ ಅಂದರು: "ಬಿಡ್ತು, ಬಿಡ್ತು, ಬಿಡ್ತು!"